ಮಗಳ ಫೋನ್ ಕದ್ದು ನೋಡ್ದೆ, ಈಗ ಏನ್ ಮಾಡ್ಲಿ?

ಪ್ರಶ್ನೆ: ಮೇಡಂ, ನಮ್ದು ತುಮಕೂರು ಜಿಲ್ಲೆಯ ಒಂದು ಹಳ್ಳಿ, ತೆಂಗಿನ ತೋಟ ಇದೆ. ಮಗಳು ಹತ್ತನೇ ಕ್ಲಾಸ್‌ವರೆಗೂ ಊರಲ್ಲೇ ಕನ್ನಡ ಮೀಡಿಯಂ, ಸ್ಕೂಲಿಗೇ ಫಸ್ಟು. ಈಗ ಟೌನಲ್ಲಿ ಫಸ್ಟ್ ಪಿಯುಸಿ ಸೈನ್ಸ್, ಬೆಳಿಗ್ಗೆ ಆರೂವರೆ ಬಸ್ಸಿಗೆ ಹೋಗ್ತಾಳೆ. ನೋಟ್ಸೆಲ್ಲ ವಾಟ್ಸಾಪ್ ಗ್ರೂಪಲ್ಲಿ ಹಾಕ್ತಾರೆ ಅಂತ ಫೋನ್ ಕೊಡಿಸಿದ್ದೇ ತಪ್ಪಾಯ್ತು. ರಾತ್ರಿ ಒಂದೂವರೆವರೆಗೂ ಕಂಬಳಿ ಒಳಗೆ ರೀಲ್ಸು. ಊಟ ಸೇರಲ್ಲ, ಮಾತಿಲ್ಲ. ಮೊನ್ನೆ ಅವಳು ಸ್ನಾನಕ್ಕೆ ಹೋದಾಗ ಫೋನ್ ತೆಗೆದು ನೋಡ್ದೆ. ಇನ್‌ಸ್ಟಾಗ್ರಾಮಲ್ಲಿ ಬೇರೆ ಹೆಸರಿನ ಇನ್ನೊಂದು ಅಕೌಂಟು, ಅದ್ರಲ್ಲಿ "ನಾನಿಲ್ಲ ಅಂದ್ರೂ ಯಾರಿಗೂ ಗೊತ್ತಾಗಲ್ಲ" ಅಂತ ಬರ್ದಿದಾಳೆ. ನೋಡ್ದೆ ಅಂತ ಹೇಳಿದ್ರೆ ಇನ್ಯಾವತ್ತೂ ನನ್ನ ನಂಬಲ್ಲ, ಸುಮ್ನಿರಕ್ಕೆ ಭಯ. ಹೆಂಡ್ತಿಗೆ ಹೇಳಿಲ್ಲ. ಅವಳು ಅಡಿಕ್ಟ್ ಆಗಿದಾಳೆ, ಫೋನ್ ಕಿತ್ಕೊಂಡು ಹಾಸ್ಟೆಲಿಗೆ ಹಾಕಿ ಅಂತ ಭಾವಮೈದ ಹೇಳ್ತಾನೆ.

ಉತ್ತರ: ಅಣ್ಣಾ, ಕದ್ದು ನೋಡಿದ್ದು ಸರಿನಾ ತಪ್ಪಾ ಅನ್ನೋ ಪಂಚಾಯ್ತಿ ಆಮೇಲೆ. ಆ ಒಂದು ಸಾಲು ಕಣ್ಣಿಗೆ ಬಿದ್ಮೇಲೆ ಇವತ್ತೇ ಅವಳ ಹತ್ರ ಮಾತಾಡ್ಬೇಕು, ಪರೀಕ್ಷೆ ಮುಗೀಲಿ ಹಬ್ಬ ಕಳೀಲಿ ಅಂತ ಮುಂದಕ್ಕೆ ಹಾಕ್ಬೇಡಿ.

ಹೇಗೆ ಕೇಳೋದು ಅಂದ್ರೆ, ನೇರವಾಗಿ. "ಸತ್ತೋಗ್ಬೇಕು ಅಂತ ಯಾವತ್ತಾದ್ರೂ ಅನ್ಸಿದ್ಯೇನಮ್ಮಾ" ಅಂತಾನೇ ಕೇಳಿ. ಹಂಗೆ ಕೇಳಿದ್ರೆ ಇಲ್ದಿರೋ ಯೋಚ್ನೆ ನಾವೇ ತಲೆಗೆ ತುಂಬಿದಂಗಾಗುತ್ತೆ ಅಂತ ಎಲ್ರಿಗೂ ಹೆದ್ರಿಕೆ, ಆದ್ರೆ ಹಂಗಾಗಲ್ಲ, ಸದ್ಯ ಒಬ್ರಾದ್ರೂ ಕೇಳಿದ್ರಲ್ಲ ಅಂತ ಎಷ್ಟೋ ಮಕ್ಕಳಿಗೆ ಹಗುರ ಆಗುತ್ತೆ. ಅವಳು ಹೂಂ ಅಂದ್ರೆ ನಿಮಗೆ ಅಳು ಬರ್ಬಹುದು, ಬಂದ್ರೆ ಅಳಿ, ಆದ್ರೆ "ನಿಂಗೇನ್ ಕಮ್ಮಿ ಮಾಡಿದೀವಿ" ಅನ್ನೋ ಮಾತೊಂದು ಬಾಯಿಗೆ ಬರ್ಬಾರ್ದು. ಅವಳನ್ನ ಒಂಟಿಯಾಗಿ ಬಿಡ್ಬೇಡಿ. ತೋಟಕ್ಕೆ ಹೊಡೆಯೋ ಔಷಧಿ, ಮನೇಲಿರೋ ಮಾತ್ರೆ ಎಲ್ಲಾ ಬೀಗದೊಳಗೆ ಹೋಗ್ಲಿ, ಅವಳ ಉತ್ತರ ಏನೇ ಇರ್ಲಿ, ಮಾತಾಡೋಕೆ ಮುಂಚೆನೇ ಈ ಕೆಲ್ಸ ಮುಗ್ಸಿ. 14416 ಅಂತ ಟೆಲಿ ಮಾನಸ್ ನಂಬರಿದೆ, 2022ರ ಅಕ್ಟೋಬರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ಬಹುದು. ಅವಳು ಒಲ್ಲೆ ಅಂದ್ರೆ ನೀವೇ ಫೋನ್ ಮಾಡಿ ಏನ್ ಮಾಡ್ಲಿ ಅಂತ ಕೇಳಿ. ಸಾಯೋ ಯೋಚ್ನೆ ಇದೆ ಅಂತ ಬಾಯ್ಬಿಟ್ಟು ಹೇಳಿದ್ರೆ ಮಾತ್ರ ಕಾಯ್ಬೇಡಿ, ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿ ಮನೋವೈದ್ಯರಿಗೆ ತೋರ್ಸಿ.

ಇನ್ನು ನೋಡ್ದೆ ಅಂತ ಹೇಳ್ಬೇಕಾ? ಹೇಳಿ. ಯಾರೋ ಹೇಳಿದ್ರು, ನನಗೇ ಯಾಕೋ ಅನ್ಸ್ತು ಅಂತೆಲ್ಲ ಸುತ್ತಿ ಬಳಸಿ ಶುರು ಮಾಡಿದ್ರೆ ಈಗಿನ ಮಕ್ಕಳು ಎರಡೇ ನಿಮಿಷಕ್ಕೆ ಹಿಡೀತಾರೆ, ಆಮೇಲೆ ಕದ್ದಿದ್ದೂ ಸುಳ್ಳು ಹೇಳಿದ್ದೂ ಎರಡೂ ತಪ್ಪಾಗುತ್ತೆ. "ನಿನ್ನ ಫೋನ್ ನೋಡ್ದೆ, ನೋಡ್ಬಾರ್ದಿತ್ತು, ಭಯ ಆಗಿತ್ತು, ಆ ಸಾಲು ಓದಿದ್ಮೇಲೆ ನಿದ್ದೆ ಬಂದಿಲ್ಲ" ಅಷ್ಟೇ ಸಾಕು. ಎದುರುಬದುರು ಕೂರಿಸ್ಕೊಂಡು ವಿಚಾರಣೆ ಬೇಡ. ತೋಟದಲ್ಲಿ ಬಿದ್ದಿರೋ ಕಾಯಿ ಆರ್ಸೋಕೆ ಜೊತೆಗೆ ಕರ್ಕೊಂಡು ಹೋಗಿ, ಕೈಗೆ ಕೆಲ್ಸ ಇದ್ದು ಮುಖ ನೋಡೋ ಕಷ್ಟ ಇಲ್ದಿದ್ರೆ ಮಾತು ತಾನಾಗೇ ಬರುತ್ತೆ. ಸಿಟ್ಟು ಮಾಡ್ಕೊಂಡು ಎರಡು ದಿನ ಮಾತು ಬಿಟ್ರೂ ಬಿಡ್ಲಿ, ಅಲ್ಲೀವರೆಗೂ ಅವಳ ಸುತ್ತಮುತ್ತನೇ ಇರಿ.

ಹೆಂಡ್ತಿಗೆ ಹೇಳಿಲ್ಲ ಅಂತೀರಿ, ಹೆಂಡ್ತಿ ತಮ್ಮನ ಹತ್ರ ಮಾತ್ರ ಸಲಹೆ ಕೇಳಿದೀರಿ, ಇದ್ಯಾವ ನ್ಯಾಯ ಅಣ್ಣಾ? ಹೆತ್ತವಳಿಗೆ ಇವತ್ತೇ ಗೊತ್ತಾಗ್ಲಿ. ಇನ್ನು ಆ ಅಡಿಕ್ಟ್ ಅನ್ನೋ ಪದ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದಿರೋ ಕಾಯಿಲೆಗಳ ಪಟ್ಟೀಲಿ ಗೇಮ್ ಚಟಕ್ಕೆ ಹೆಸ್ರಿದೆ, ರೀಲ್ಸ್ ನೋಡೋದನ್ನ ಬೇರೆ ಕಾಯಿಲೆ ಅಂತ ಸೇರ್ಸಿಲ್ಲ. ಹಂಗಂತ ತೊಂದ್ರೆನೇ ಇಲ್ಲ ಅಂತಲ್ಲ, ಇಂಥ ಮಕ್ಕಳನ್ನ ನೋಡೋಕಂತಾನೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ, ಮುಂದೆ ಬೇಕಾದ್ರೆ ಅಲ್ಲಿಗೂ ಹೋಗ್ಬಹುದು. ಆದ್ರೆ ಮದುವೆ ಮುಂಜಿಲಿ ನೆಂಟರ ಮುಂದೆ ಸೋದರಮಾವನೇ ಅವಳನ್ನ ಅಡಿಕ್ಟ್ ಅಂದ್ರೆ ಮುಗೀತು, ಅವಳು ಆ ಫೋನ್ ಒಳಗೇ ಇನ್ನಷ್ಟು ಸೇರ್ಕೋತಾಳೆ. ಹಾಸ್ಟೆಲ್ ಮಾತು ಈಗ ಎತ್ಲೇಬೇಡಿ. ನಾನಿಲ್ಲ ಅಂದ್ರೂ ಗೊತ್ತಾಗಲ್ಲ ಅಂತ ಬರ್ದಿರೋ ಹುಡ್ಗಿನ ಮನೆಯಿಂದ ಆಚೆ ಕಳ್ಸಿದ್ರೆ ಅವಳು ಏನಂದ್ಕೋಬೇಕು?

ಈಗ ನೀವು ಒಂದೇ ಸಾಲಲ್ಲಿ ದಾಟ್ಕೊಂಡು ಹೋದ ವಿಷಯ. ಹತ್ತನೇವರೆಗೂ ಕನ್ನಡ ಮೀಡಿಯಂ, ಈಗ ಸೈನ್ಸು. ಸ್ಕೂಲಲ್ಲಿ ವೇಗೋತ್ಕರ್ಷ ಅಂತ ಓದಿದ್ದು ಇಲ್ಲಿ ಆಕ್ಸಿಲರೇಶನ್, ದ್ಯುತಿಸಂಶ್ಲೇಷಣೆ ಹೋಗಿ ಫೋಟೋಸಿಂಥೆಸಿಸ್, ಗೊತ್ತಿರೋ ಪಾಠನೇ ಗೊತ್ತಿಲ್ದೋರ ಥರ ಕೂತ್ಕೊಂಡು ಕೇಳ್ಬೇಕು, ಪಕ್ಕದಲ್ಲಿ ಒಂದನೇ ಕ್ಲಾಸಿಂದ ಇಂಗ್ಲಿಷಲ್ಲೇ ಓದಿದ ಮಕ್ಕಳು ಪಟಪಟ ಉತ್ತರ ಹೇಳ್ತಿರ್ತಾರೆ. ಊರಿಗೇ ಫಸ್ಟ್ ಬಂದೋಳಿಗೆ ಡೌಟ್ ಕೇಳೋಕೂ ನಾಚ್ಕೆ. ಇದು ನನ್ನ ಊಹೆ, ತಪ್ಪಿರ್ಬಹುದು, ಆದ್ರೆ ಅವಳನ್ನೇ ಕೇಳಿ. ಹೌದು ಅಂದ್ರೆ ಹೋದ ವರ್ಷ ಇದೇ ಥರ ಒದ್ದಾಡಿ ಪಾಸಾದ ಸೀನಿಯರ್ ಹುಡ್ಗಿ ಒಬ್ಳು ಸಿಕ್ರೆ ಸಾಕು, ಟ್ಯೂಷನ್ನಿಗಿಂತ ವಾಸಿ. ಸೈನ್ಸೇ ಬೇಡ ಅಂದ್ರೂ ಕೇಳಿಸ್ಕೊಳ್ಳಿ, ತಕ್ಷಣ ಇಲ್ಲ ಅನ್ಬೇಡಿ.

ಫೋನ್ ವಿಷ್ಯ ಕೊನೇಗೆ ಇಟ್ಟಿದ್ದು ಬೇಕಂತಾನೇ. ಕಿತ್ಕೊಳ್ಳೋ ಹಂಗಿಲ್ಲ, ನೋಟ್ಸ್ ಅದ್ರಲ್ಲೇ ಬರುತ್ತೆ. ರಾತ್ರಿ ಒಂದೂವರೆಗೆ ಮಲ್ಗಿ ಐದೂವರೆಗೆ ಎದ್ರೆ ನಾಲ್ಕೇ ಗಂಟೆ ನಿದ್ದೆ, ಈ ವಯಸ್ಸಿಗೆ 8ರಿಂದ 10 ಗಂಟೆ ಬೇಕು, ಅರ್ಧ ನಿದ್ದೇಲಿ ಎಂಥವರಿಗೂ ಬದುಕು ಬೇಸರ ಅನ್ಸುತ್ತೆ. ಹರೆಯದಲ್ಲಿ ನಿದ್ದೆ ಸಹಜವಾಗೇ ತಡವಾಗಿ ಬರುತ್ತೆ, ಅದು ಸೋಮಾರಿತನ ಅಲ್ಲ, ಅದ್ರ ಮೇಲೆ ಕೈಲಿ ಫೋನ್ ಬೇರೆ. ಮೊದ್ಲು ಆ ಸಾಲಿನ ಬಗ್ಗೆ ಮಾತಾಗ್ಲಿ, ಒಂದು ವಾರ ಕಳೀಲಿ, ಆಮೇಲೆ ಅವಳನ್ನೇ ಕೇಳಿ ಒಂದು ಟೈಮ್ ಗೊತ್ತುಮಾಡಿ, ಹತ್ತು ಗಂಟೆ ಅಂದ್ಕೊಳ್ಳಿ, ಆಗ ಮನೆಯ ಮೂರೂ ಫೋನ್ ನಡುಮನೇಲಿ ಚಾರ್ಜಿಗೆ. ಮೂರೂ ಅಂದ್ರೆ ನಿಮ್ದೂ ಸೇರಿ. ಅಲಾರಂ ಫೋನಲ್ಲೇ ಇದೆಯಲ್ಲಪ್ಪಾ ಅಂತ ಖಂಡಿತ ಹೇಳ್ತಾಳೆ, ಸಂತೆಗೆ ಹೋದಾಗ ಒಂದು ಟೈಮ್‌ಪೀಸ್ ತಂದಿಟ್ಟಿರಿ.

ನಿಮ್ಮೂರ ಹೆಸ್ರು, ಗುರುತು ಸಿಗೋ ವಿವರ ಎಲ್ಲಾ ತೆಗ್ದಿದೀನಿ. ಆದ್ರೂ ಇದು ಫೋನಲ್ಲಿ ಅವಳ ಕಣ್ಣಿಗೇ ಬಿದ್ರೂ ಬೀಳ್ಬಹುದು, ಅಷ್ಟರೊಳಗೆ ನೀವೇ ಹೇಳಿರಿ.