ಸಮುದ್ರ ಸೇರುವ ನೀರು ವ್ಯರ್ಥವೇ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: 'ಕುಮಟಾ ಕಡೆ ಹೋದಾಗ ಅಘನಾಶಿನಿ ನೋಡಿದೆ. ತದಡಿ ಹತ್ತಿರ ಎಲ್ಲಿ ನೋಡಿದರೂ ನೀರು. ಒಂದು ಅಣೆಕಟ್ಟೂ ಇಲ್ಲದೆ ಸುಮ್ನೆ ಸಮುದ್ರಕ್ಕೆ ಹೋಗುತ್ತಿದೆ. ವ್ಯರ್ಥ ಅಲ್ವಾ? ಉಂಚಳ್ಳಿ ಜಲಪಾತವೂ ಇದೇ ನದಿಯದಾ?'

ನಿಮ್ಮ ಕಡೆಯ ನೀರಿನ ಕಷ್ಟ ನನಗೆ ಗೊತ್ತು. ಹಾಗಾಗಿ ಪ್ರಶ್ನೆ ಸಹಜವೇ. ಆದರೆ ತದಡಿಯಲ್ಲಿ ನೀವು ಕಂಡಿದ್ದು ಬರೀ ನದಿಯ ನೀರಲ್ಲ. ಶಿರಸಿ ಕಡೆ ಹುಟ್ಟುವ ಅಘನಾಶಿನಿ ಸುಮಾರು 120 ಕಿ.ಮೀ. ಹರಿದು ಕಡಲು ಸೇರುತ್ತದೆ. ಘಟ್ಟ ಇಳಿದ ಮೇಲೆ ನೆಲ ತೀರಾ ತಗ್ಗು. ದಿನಕ್ಕೆರಡು ಸಲ ಉಬ್ಬರದ ನೀರು ನದಿಯೊಳಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ನೀವು ಕಂಡ ಆ ಹರವಿನಲ್ಲಿ ಕಡಲಿನ ಪಾಲೇ ಜಾಸ್ತಿ.

ಇಲ್ಲಿನ ಬದುಕು ನಿಂತಿರುವುದು ಈ ಸಿಹಿ, ಉಪ್ಪು ನೀರಿನ ಹದದ ಮೇಲೆ. ಮಾಣಿಕಟ್ಟೆಯ ಗಜನಿ ಗದ್ದೆಗಳನ್ನೇ, ಅಂದರೆ ನದಿಯಂಚಿನ ತಗ್ಗಿನಲ್ಲಿ ಒಡ್ಡು ಕಟ್ಟಿ ಮಾಡಿದ ಉಪ್ಪು ಮಣ್ಣಿನ ಗದ್ದೆಗಳನ್ನೇ ನೋಡಿ. ಮಳೆಗಾಲದಲ್ಲಿ ಸಿಹಿನೀರು ಮಣ್ಣಿನ ಉಪ್ಪು ತೊಳೆಯುತ್ತದೆ. ಆಗ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪುನೀರು ಒಂದಿಷ್ಟು ನುಗ್ಗಿದರೂ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ತಾಳುವ ಭತ್ತ ಇದು. ಗೊಬ್ಬರ ಬೇಡ. ತೆನೆ ಕೊಯ್ದ ಮೇಲೆ ಒಡ್ಡಿನ ಬಾಗಿಲು ತೆರೆದು ಉಬ್ಬರದ ನೀರು ಒಳಗೆ ಬಿಡುತ್ತಾರೆ. ಗದ್ದೆಯಲ್ಲಿ ಉಳಿದ ಹುಲ್ಲು ಸಿಗಡಿ, ಮೀನಿಗೆ ಮೇವು. ಒಂದೇ ನೆಲದಲ್ಲಿ ಅನ್ನವೂ ಮೀನೂ! ಇಳಿತದ ಹೊತ್ತಿಗೆ ಹೋದರೆ ಸೊಂಟದವರೆಗಿನ ನೀರಲ್ಲಿ ನಿಂತು ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುವ ಹೆಂಗಸರೂ ಕಾಣುತ್ತಾರೆ.

ಈ ಹದ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ಪಕ್ಕದ ಶರಾವತಿಯೇ ಸಾಕ್ಷಿ. ಲಿಂಗನಮಕ್ಕಿ ಕಟ್ಟಿದ ಮೇಲೆ ವಿದ್ಯುದಾಗಾರಗಳಿಂದ ಬಿಡುವ ಸಿಹಿನೀರು ವರ್ಷವಿಡೀ ಹೊನ್ನಾವರದ ಅಳಿವೆಗೆ, ಅಂದರೆ ನದಿ ಕಡಲು ಸೇರುವ ಜಾಗಕ್ಕೆ ಬರುತ್ತದೆ. ಉಪ್ಪಿನಂಶ ಇಳಿಯಿತು, ಬಳಚೂ ಕಡಿಮೆಯಾಯಿತು. ಅಲ್ಲಿ ಸಿಹಿನೀರು ಹೆಚ್ಚಾಗಿ ಕೆಟ್ಟಿತು. ಅಘನಾಶಿನಿಯ ನೀರನ್ನು ಬಯಲುಸೀಮೆಯ ವೇದಾವತಿ ನದಿಗೆ ತಿರುಗಿಸುವ ಯೋಜನೆಯೊಂದಿದೆ. ಹಾಗೆ ಒಯ್ದರೆ ಇಲ್ಲಿ ಸಿಹಿನೀರು ಕಡಿಮೆಯಾಗಿ ಕೆಡುತ್ತದೆ. ಆ ಯೋಜನೆಗೆ ನನ್ನ ವಿರೋಧ ಇರುವುದು ಇದಕ್ಕೇ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ, 4,801 ಹೆಕ್ಟೇರ್. ಪಟ್ಟಿಗೆ ಸೇರಿಸಿ, ಮೇಲಿನ ನೀರು ತಿರುಗಿಸಿದರೆ ಕಾಪಾಡಿದ ಹಾಗಾಯಿತೇ?

ಉಂಚಳ್ಳಿ ಇದೇ ನದಿಯದು, 116 ಮೀಟರ್ ಎತ್ತರ. ಜೋರು ಮಳೆಯಲ್ಲಿ ಹೋಗಬೇಡಿ, ಮಂಜು ಮುಸುಕಿ ಏನೂ ಕಾಣುವುದಿಲ್ಲ. ಮಳೆ ನಿಂತ ಮೇಲೆ ಹೋಗಿ.

— ಸಂಪಾದಕ