ಹೊಡೆಸಿಕೊಂಡೂ ನಗುವ ಅಯೋನಾನ ಮನಸ್ಸಿನಲ್ಲಿ ಏನಿದೆ?

ಏಟು ತಿಂದೂ ನಗುವ ಗಳಿಗೆಯಲ್ಲಿ ಅಯೋನಾನ ಭಾವನೆ ಏನು ಅನ್ನೋ ನಾಲ್ಕು ಅಂಕದ ಪ್ರಶ್ನೆ ನೀವು ಕೇಳಿದ್ದೀರಿ. ರಷ್ಯನ್ ಲೇಖಕ ಚೆಕಾಫ್ 1886ರಲ್ಲಿ ಬರೆದ ‘ತಾಸ್ಕಾ’ ಕತೆಯಲ್ಲಿ ಅಯೋನಾ ಕುದುರೆ ಬಂಡಿಯವನು. ಅದೇ ವಾರ ಅವನ ಮಗ ಸತ್ತಿದ್ದಾನೆ. ಬಂಡಿ ಹತ್ತಿದ ಗೂನುಬೆನ್ನಿನವನು ಕುತ್ತಿಗೆಗೆ ಬಾರಿಸಿದರೂ ಅಯೋನಾ ‘ಹಿ ಹಿ’ ಅಂತಾನೆ. ಅಂದರೆ ದುಃಖ ಮರೆತನೇ ಅನ್ನೋದು ನಿಮ್ಮ ಅನುಮಾನ.

ಇಲ್ಲ. ನಗು ಆಮೇಲೆ, ಮೊದಲು ಬಾಡಿಗೆ ನೋಡಿ. ಆ ಗೂನುಬೆನ್ನಿನವನೂ ಸೇರಿ ಮೂವರು ಹುಡುಗರು 20 ಕೊಪೆಕ್ (ರಷ್ಯದ ಕಾಸು, ನೂರು ಸೇರಿದರೆ ಒಂದು ರೂಬಲ್) ಅಂತಾರೆ, ಅದು ಕಡಿಮೆ. ರಾಯಚೂರು ಸ್ಟೇಷನ್ ಹೊರಗೆ ಆಟೋದವರಿಗೆ ಅರ್ಧ ಬಾಡಿಗೆ ಹೇಳಿ ನೋಡಿ, ನಾಲ್ಕು ಮಾತು ಕೇಳದೆ ಹತ್ತಿಸಿಕೊಳ್ಳೋದಿಲ್ಲ. ಅಯೋನಾ ತುಟಿ ಪಿಟಕ್ಕೆನ್ನದೆ ಒಪ್ಪುತ್ತಾನೆ. ರೂಬಲ್ಲೋ ಐದು ಕೊಪೆಕ್ಕೋ, ಜನ ಹತ್ತಿದರೆ ಸಾಕು ಅವನಿಗೆ. ಆ ಕಸುಬಿನವರು ಮಾಡುವುದು ಒಂದು, ಇವನು ಮಾಡಿದ್ದು ಇನ್ನೊಂದು. ಭಾವನೆ ಹುಡುಕಬೇಕಾದದ್ದು ಆ ಸಂದಿನಲ್ಲಿ.

ಈಗ ಏಟು. ಅದು ಅವನಿಗೆ ತಾಗುವುದಕ್ಕಿಂತ ಹೆಚ್ಚಾಗಿ ಕೇಳಿಸುತ್ತದೆ ಅಂತ ಇದೆ. ಮೈಗೆ ಅರಿವಿಲ್ಲ, ಕಿವಿ ಮಾತ್ರ ಎಚ್ಚರ. ಬೈಗುಳ ಕೇಳುತ್ತಾ, ಜನರನ್ನು ನೋಡುತ್ತಾ ಒಂಟಿತನ ಸ್ವಲ್ಪ ಹಗುರಾಯಿತು ಅಂತ ಕತೆಯೇ ಹೇಳುತ್ತದೆ. ಹಾಗಾಗಿ ಆ ನಗು ಸಂತೋಷವಲ್ಲ, ಇವರು ಇಳಿದು ಹೋಗದಿರಲಿ ಅನ್ನೋ ಆಸೆ. (ಸ್ವಾಭಿಮಾನವಿಲ್ಲದವನು ಅಂತ ಬರೆಯುವವರೂ ಇದ್ದಾರೆ, ಅದು ಅವನ ಮೇಲೆ ತೀರ್ಪು, ಅವನ ಭಾವನೆ ಅಲ್ಲ.)

ನಾಲ್ಕು ಅಂಕಕ್ಕೆ ಬರೆಯುವಾಗ ಮೊದಲು ಕತೆಯ ಮಾತನ್ನೇ ಹಿಡಿಯಿರಿ, ಅಂಥ ಹೊತ್ತಿನಲ್ಲಿ ಬೇರೆಯವರಾದರೆ ಏನು ಮಾಡುತ್ತಿದ್ದರು ಅಂತ ಒಂದು ಸಾಲು, ಆಮೇಲೆ ‘ಆದ್ದರಿಂದ’ ಅಂತ ಶುರುಮಾಡಿ ಅವನ ಭಾವನೆ ಹೇಳಿ. ಬರೀ ‘ಅಯೋನಾ ದುಃಖದಲ್ಲಿದ್ದಾನೆ’ ಅಂದರೆ ಸಾಲದು, ಅದು ಇಡೀ ಕತೆಗೆ ಹೊಂದುವ ಮಾತು. ನಿಮ್ಮನ್ನು ಕೇಳಿರುವುದು ಈ ಒಂದು ಗಳಿಗೆ. ಕತೆಯ ರಷ್ಯನ್ ಹೆಸರು ‘ತಾಸ್ಕಾ’ದಲ್ಲೂ ದುಃಖದ ಜೊತೆ ಹಂಬಲ ಸೇರಿದೆ.

ಇನ್ನೊಂದು ಕಡೆಯೂ ಎಡವುತ್ತಾರೆ. ರಾತ್ರಿ ಲಾಯಕ್ಕೆ ಹೋಗುವಾಗ ಅವನು ಓಟ್ಸು, ಹುಲ್ಲು, ಹವೆ ಅಂತ ಯೋಚಿಸುತ್ತಾನೆ. ‘ಮಗನ ನೆನಪೇ ಇಲ್ಲ’ ಅಂತ ಬರೆದುಬಿಡುತ್ತಾರೆ. ಹಾಗಲ್ಲ. ಒಬ್ಬನೇ ಇದ್ದಾಗ ಮಗನ ಮುಖ ನೆನೆಯುವುದು ಅವನಿಗೆ ಸಹಿಸಲಾಗದ ಸಂಕಟ, ಯಾರ ಜೊತೆಗಾದರೂ ಮಾತಾಡಿದರೆ ಸರಿ. ಅದಕ್ಕೇ ಹುಲ್ಲಿನ ಚಿಂತೆ, ಅದಕ್ಕೇ ಕೊನೆಗೆ ಎಲ್ಲವನ್ನೂ ಕುದುರೆಯ ಮುಂದೆ ಹೇಳಿಕೊಳ್ಳುವುದು.