ಜಾಲಿ ಕೊಂಬೆಗೆ ಸಿಗದ ರಬ್ಬರ್ ಹುಳ

ಪ್ರಶ್ನೆ: ಅಮೆರಿಕದವರು ರಬ್ಬರ್ ಹುಳ ಹಾಕಿ ಬಾಸ್ ಮೀನು ಹಿಡಿಯೋ ವಿಡಿಯೋ ನೋಡಿ ನಾನೂ ಒಂದು ಪ್ಯಾಕೆಟ್ ತರಿಸಿದೆ ಸರ್. ನಮ್ಮೂರ ಕೆರೆಗೆ ಎಸೆದರೆ ಜೊಂಡಿಗೋ ಮುಳುಗಿದ ಜಾಲಿ ಕೊಂಬೆಗೋ ಸಿಕ್ಕಿಕೊಳ್ಳುತ್ತದೆ. ಇಲ್ಲದಿದ್ದರೆ ಹುಳ ಗಿರಗಿರ ತಿರುಗಿ ದಾರವೆಲ್ಲ ಸುರುಳಿ. ಹೇಗೆ ಪೋಣಿಸಬೇಕು?
– ಓದುಗರು, ಕೋಲಾರ ತಾಲ್ಲೂಕು

ಉತ್ತರ: ಬಾಸ್ ನಮ್ಮ ಕೆರೆಯ ಮೀನಲ್ಲ, ಉತ್ತರ ಅಮೆರಿಕದ್ದು. ಆದರೆ ನಮ್ಮ ಕೊರಮೀನೂ ಅದರ ಹಾಗೇ ಗಿಡದ ಮರೆಯಲ್ಲಿ ಕಾದು ಕೂತು, ಮುಂದೆ ಹಾದದ್ದನ್ನು ಗಬಕ್ಕನೆ ಹಿಡಿಯುತ್ತದೆ. ನೀವು ತಂದ ಹುಳ ದಂಡವಾಗಿಲ್ಲ.

ನಿಮ್ಮ ಕಡೆ ಕೆರೆಗಳು ವರ್ಷಗಟ್ಟಲೆ ಒಣಗಿ ಅಂಗಳದ ತುಂಬ ಜಾಲಿ ಬೆಳೆದಿತ್ತು, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬರತೊಡಗಿದ ಮೇಲೆ ಎಷ್ಟೋ ಗಿಡ ನಿಂತಲ್ಲೇ ಮುಳುಗಿದವು. ಅಂಥಲ್ಲಿ ಹುಕ್ಕಿನ ಮೊನೆ ಹೊರಗಿದ್ದರೆ ಮೀನಿಗಿಂತ ಮೊದಲು ಕೊಂಬೆಯೇ ಸಿಗೋದು, ಅಲ್ವಾ? ಮೊನೆ ಹುಳದೊಳಗೆ ಅಡಗಿರಬೇಕು. ಹೀಗೆ ಪೋಣಿಸೋದಕ್ಕೆ ಟೆಕ್ಸಾಸ್ ರಿಗ್ ಅಂತಾರೆ.

ಅಂಗಡಿಯಲ್ಲಿ ಆಫ್‌ಸೆಟ್ ಹುಕ್ ಕೇಳಿ, ಅದರ ಕುತ್ತಿಗೆಯಲ್ಲಿ ಮೆಟ್ಟಿಲಿನ ಹಾಗೆ ಮಡಿಕೆ ಇರುತ್ತದೆ. 6-7 ಇಂಚಿನ ಹುಳಕ್ಕೆ 3/0 ಸೈಜ್ ಸರಿ. ಮೊದಲು ದಾರಕ್ಕೆ ಬುಲೆಟ್ ಸೀಸ (ಬಂದೂಕಿನ ಗುಂಡಿನಾಕಾರದ, ನಡುವೆ ತೂತಿರುವ ತೂಕ) ಪೋಣಿಸಿ, ಚೂಪು ತುದಿ ಕೋಲಿನ ಕಡೆಗಿರಲಿ, ಆಮೇಲೆ ಹುಕ್ ಕಟ್ಟಿ. ಮೊನೆಯನ್ನು ಹುಳದ ತಲೆಯ ನಟ್ಟನಡುವೆ ಅರ್ಧ ಸೆಂಟಿಮೀಟರ್ ಚುಚ್ಚಿ ಪಕ್ಕದಿಂದ ಹೊರಗೆ ತನ್ನಿ. ತಲೆ ಬಂದು ಆ ಮಡಿಕೆಯಲ್ಲಿ ಕೂರುವವರೆಗೆ ಹುಕ್ ಎಳೆಯಿರಿ. ಈಗ ಅರ್ಧ ಸುತ್ತು ತಿರುಗಿಸಿ, ಮೊನೆ ಹುಳದ ಕಡೆ ಬರಲಿ. ಎಲ್ಲರೂ ಅವಸರ ಮಾಡೋದು ಇಲ್ಲೇ. ಹುಳವನ್ನು ಸುಮ್ನೆ ಜೋತುಬಿಡಿ, ಹುಕ್ಕಿನ ಬಾಗು ಎಲ್ಲಿ ಮುಟ್ಟುತ್ತದೋ ನೋಡಿ, ಬೆರಳಲ್ಲಿ ಗುರುತು ಹಿಡಿದು ಅಲ್ಲೇ ನೇರವಾಗಿ ಚುಚ್ಚಿ. ಮೊನೆ ಆಚೆ ಬಂದ ಮೇಲೆ ಮೇಲ್ಪದರವನ್ನು ಚೂರು ಮುಂದೆ ತಳ್ಳಿ ಮೊನೆ ಮುಚ್ಚಿಬಿಡಿ. ಬಾಲದ ಕಡೆಗೆ ಜಾಸ್ತಿ ಹೋಗಿ ಚುಚ್ಚಿದರೆ ಹುಳ ಗೂನಾಗುತ್ತದೆ, ತಲೆಗೆ ತೀರಾ ಹತ್ತಿರವಾದರೆ ಬಿಗಿದು ಬಾಗುತ್ತದೆ. ನಿಮ್ಮ ದಾರ ಸುರುಳಿಯಾಗೋದು ಇದಕ್ಕೇ. ಹುಳ ನೆಟ್ಟಗೆ ಕಾಣದಿದ್ದರೆ ಎಸೆಯಲೇಬೇಡಿ, ಬಿಚ್ಚಿ ಮತ್ತೆ ಪೋಣಿಸಿ.

ಸೀಸ 5ರಿಂದ 7 ಗ್ರಾಂ ಸಾಕು. ಕೊಂಬೆಗಳ ನಡುವೆ ಸೀಸ ಒಂದು ಕಡೆ ಹುಳ ಒಂದು ಕಡೆ ಆಗದ ಹಾಗೆ, ಸೀಸದ ತೂತಿಗೆ ಹಲ್ಲುಕಡ್ಡಿಯ ತುಂಡು ಸಿಕ್ಕಿಸಿ. ಅಂತರಗಂಗೆ ದಟ್ಟವಾಗಿದ್ದರೆ ಸೀಸವೇ ಬೇಡ, ಎಲೆಗಳ ಮೇಲೆ ಮೆಲ್ಲಗೆ ಜಾರಿಸಿ ತೆರಪಿನಲ್ಲಿ ನಿಲ್ಲಿಸಿ. ಕೊರಮೀನು ಗಾಳಿ ಕುಡಿಯಲು ಮೇಲೆ ಬರುವ ಮೀನು, ಅಲ್ಲಿ ಕಚ್ಚುತ್ತದೆ. ಕಚ್ಚಿದ ಕೂಡಲೇ ಎಳೆಯಬೇಡಿ, ಸಡಿಲ ದಾರ ಸುತ್ತಿಕೊಂಡು ಜೋರಾಗಿ ಜಗ್ಗಿ, ಮೊನೆ ಹುಳ ಸೀಳಿಕೊಂಡು ಹೊರಬಂದು ಆ ಗಟ್ಟಿ ಬಾಯಿಗೆ ನಾಟಬೇಕಲ್ಲ.

ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ಕಂಡರೆ ಅಲ್ಲಿ ದಯವಿಟ್ಟು ಎಸೆಯಬೇಡಿ. ಕೆಳಗೆ ತಂದೆತಾಯಿ ಕಾವಲಿರುತ್ತವೆ, ಅವು ಹೋದರೆ ಮರಿಗಳೂ ಉಳಿಯೋದಿಲ್ಲ. ಕೆರೆಯಲ್ಲಿ ಮೀನು ಹಿಡಿಯುವ ಟೆಂಡರ್ ಯಾರದ್ದೋ ಇದ್ದರೆ ಅವರನ್ನೂ ಒಂದು ಮಾತು ಕೇಳಿ.

ಪ್ರಶ್ನೆ: ಡಬ್ಬಿಯಲ್ಲಿಟ್ಟ ರಬ್ಬರ್ ಹುಳ ಕರಗಿ ಅಂಟಾಗಿದೆ. ಬಿಸಿಲಿಗೋ?
– ಓದುಗರು, ಶಿರಾ

ಉತ್ತರ: ಬಿಸಿಲೂ ಇರಬಹುದು. ಆದರೆ ಹುಳವನ್ನು ಮೆತ್ತಗಿಡುವ ಎಣ್ಣೆಯಂಥ ವಸ್ತು ಕೆಲವು ಪ್ಲಾಸ್ಟಿಕ್ ಡಬ್ಬಿಗಳನ್ನೂ ಗಾಳಕ್ಕೆ ಕಟ್ಟುವ ಗಟ್ಟಿ ಪ್ಲಾಸ್ಟಿಕ್ ಮೀನುಗಳನ್ನೂ ಕರಗಿಸುತ್ತದೆ. ಬಂದ ಕವರಿನಲ್ಲೇ ಇಡಿ, ಬಣ್ಣ ಬಣ್ಣ ಬೆರೆಸಬೇಡಿ. ಹರಿದದ್ದನ್ನು ಕೆರೆಗೆ ಬಿಸಾಡದೆ ಮನೆಗೆ ತನ್ನಿ.